ದಂಡ ಹಾಕಿದರೆ ಕಾರ್ಖಾನೆ ಬದಲಾಗುತ್ತದೆಯೇ?

ಪ್ರಶ್ನೆ: ಮಾಲಿನ್ಯ ಮಾಡಿದವರೇ ಪರಿಹಾರ ಕೊಡಬೇಕು ಅಂತ ಕಾನೂನಿದೆ. ಆದರೆ ಕಂಪನಿಯವರು ದುಡ್ಡು ಕಟ್ಟಿ ಮತ್ತೆ ಅದನ್ನೇ ಮಾಡ್ತಾರೆ ಅಲ್ವಾ? ಇದರಿಂದ ಹೊಸ ತಂತ್ರಜ್ಞಾನ ಬಂದದ್ದು ಎಲ್ಲಾದರೂ ಉಂಟಾ? – ಓದುಗರೊಬ್ಬರು, ತುಮಕೂರು

ಉತ್ತರ: ಉಂಟು. ಆದರೆ ದಂಡ ಕಟ್ಟುವುದೇ ಅಗ್ಗ ಅನ್ನಿಸುತ್ತಿರುವಷ್ಟು ದಿನ ಯಾರೂ ಬದಲಾಗುವುದಿಲ್ಲ.

ತಮಿಳುನಾಡಿನ ಬಟ್ಟೆ ಉದ್ಯಮದ ಊರು ತಿರುಪ್ಪೂರನ್ನೇ ನೋಡಿ. ಅಲ್ಲಿನ ನೂರಾರು ಡೈಯಿಂಗ್ (ಬಟ್ಟೆಗೆ ಬಣ್ಣ ಹಾಕುವ) ಘಟಕಗಳು ವರ್ಷಗಟ್ಟಲೆ ಕೊಳಕು ನೀರನ್ನು ನೊಯ್ಯಲ್ ನದಿಗೆ ಬಿಟ್ಟವು. ಅದು ಹೋಗಿ ಸೇರುವುದು ಕಾವೇರಿಗೇ. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲು ರಾಶಿ ಉಪ್ಪು ಬೇಕು, ಆ ಉಪ್ಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರಿನ ಜೊತೆ ಹೊರಗೆ ಬರುತ್ತೆ. ಕೆಳಗಿನ ಊರುಗಳ ಹೊಲ, ಬಾವಿ ಎಲ್ಲ ಹಾಳಾದವು. ರೈತರು ಕೋರ್ಟಿಗೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟ್, ಹನಿ ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿಕೊಳ್ಳಿ, ಅಲ್ಲಿಯವರೆಗೆ ಲೀಟರಿಗೆ ಇಷ್ಟು ಅಂತ ದಂಡ ಕಟ್ಟಿ ಎಂದಿತು. ದಂಡ ಶುರುವಾದದ್ದು 6 ಪೈಸೆಯಿಂದ! 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಡುವು ಕೊಟ್ಟಿತು. ಆದರೂ ಕೊಳಕು ನೀರು ಹರಿಯುತ್ತಲೇ ಇತ್ತು.

2011ರ ಜನವರಿಯಲ್ಲಿ ಹೈಕೋರ್ಟ್ ಎಲ್ಲ ಘಟಕ ಮುಚ್ಚಿಸಿ, ಕರೆಂಟ್ ಕಡಿಸಿತು.

ಆಮೇಲೆ ನೋಡಿ, ತಲೆ ಓಡತೊಡಗಿತು. ಮೊದಲು ಆರ್‌ಒ (ನೀರನ್ನು ಸೂಕ್ಷ್ಮ ಪೊರೆಯಲ್ಲಿ ಸೋಸಿ ಉಪ್ಪು ಬೇರ್ಪಡಿಸುವುದು) ಆದ ಮೇಲೆ ಉಳಿದ ಉಪ್ಪುನೀರನ್ನು ಕುದಿಸಿ ಆವಿ ಮಾಡಬೇಕಿತ್ತು, ಸೌದೆ-ಕರೆಂಟಿಗೇ ದುಡ್ಡು ಸುರಿಯುತ್ತಿತ್ತು. ಈಗ ಆ ನೀರಿನ ಬಣ್ಣ, ಗಡಸುತನ ತೆಗೆದು ಹಾಗೇ ಮತ್ತೆ ಡೈಯಿಂಗ್‌ಗೆ ಬಳಸುತ್ತಾರೆ. ನೀರೂ ಉಳಿಯಿತು, ಉಪ್ಪೂ ಉಳಿಯಿತು. ಅಡುಗೆ ಉಪ್ಪಿನ ಬದಲು ಸೋಡಿಯಂ ಸಲ್ಫೇಟ್ ಅನ್ನೋ ಇನ್ನೊಂದು ಉಪ್ಪು ಬಳಸಿದರೆ ವಾಪಸ್ ತೆಗೆಯುವುದು ಸುಲಭ ಅಂತ ಅದನ್ನೂ ಹಿಡಿದರು.

ಸುಮ್ನೆ ಕೋರ್ಟಿಗೆ ಹೆದರಿ ಇಷ್ಟಾಯಿತು ಅಂತಲ್ಲ. ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು, ಇಲ್ಲದಿದ್ದರೆ ಸಣ್ಣವರು ಮುಳುಗಿಯೇ ಹೋಗುತ್ತಿದ್ದರು. ಒಂದಷ್ಟು ಕೆಲಸ ಕದ್ದುಮುಚ್ಚಿ ಬೇರೆ ಊರಿಗೂ ಹೋಯಿತು. ಒಂದೇ ಊರಲ್ಲಿ ಬಿಗಿ ಮಾಡಿದರೆ ಹೀಗೇ ಆಗೋದು, ನನಗೆ ಇದೇ ಜಾಸ್ತಿ ಚಿಂತೆ.

ವಿಮೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಭೋಪಾಲ್ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾನೂನು ಇರುವುದು ಅಪಘಾತಕ್ಕೆ. ವರ್ಷಗಟ್ಟಲೆ ನಿಧಾನಕ್ಕೆ ಕೆಡುವ ಬಾವಿಗೆ ಅದರಿಂದ ಏನೂ ಸಿಗುವುದಿಲ್ಲ.

ತಿರುಪ್ಪೂರಿನಲ್ಲೂ ಎಲ್ಲ ಮುಗಿದಿಲ್ಲ. ಕೊನೆಗೆ ಉಳಿಯುವ ಬೆರಕೆ ಉಪ್ಪನ್ನು ಯಾರೂ ಕೊಳ್ಳುವುದಿಲ್ಲ, ಮೂಟೆ ಕಟ್ಟಿ ಇಡಬೇಕು. ಅದರ ಹೊಣೆಯೂ ಕಾರ್ಖಾನೆಯ ಲೆಕ್ಕಕ್ಕೇ ಬರಬೇಕು.