ಅಪ್ಪನ ಅಂಗಡಿಯ ಸಂಬಳ, ಬ್ಯಾಂಕಿನವರ ಅನುಮಾನ

ಗೃಹಸಾಲದ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೇಳಿದ್ದು ನಾನೇ. ಆದರೆ ಒಂದೇ ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ದಾವಣಗೆರೆಯ ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿಯ ಬಟ್ಟೆ ಅಂಗಡಿ, ಪೀಣ್ಯದ ಲೇತ್ ವರ್ಕ್‌ಶಾಪ್. ದುಡಿಯುವುದು ಮಗ, ಯಜಮಾನರು ಅಪ್ಪ, ಆಗಲ್ಲ ಅನ್ನುವುದು ಬ್ಯಾಂಕು. ಈ ಸಲ ಜಾಸ್ತಿ ಜಾಗ ಇದಕ್ಕೇ. ಪ್ಯಾನ್, ಆಧಾರ್, ಫೋಟೊ ಎಷ್ಟು ಬೇಕು ಅನ್ನುವುದನ್ನು ದಯವಿಟ್ಟು ಬ್ಯಾಂಕಿನ ಕೌಂಟರ್‌ನಲ್ಲೇ ಕೇಳಿ.

ಪ್ರಶ್ನೆ: ನನಗೆ 29 ವರ್ಷ. ಬಿ.ಕಾಂ. ಮುಗಿದಾಗಿನಿಂದ ದಾವಣಗೆರೆಯಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ತಿಂಗಳಿಗೆ 45,000 ಸಂಬಳ. 20,000 ಖಾತೆಗೆ ಬರುತ್ತದೆ, ಉಳಿದದ್ದು ಕೈಗೆ. ಇದುವರೆಗೆ ಆದಾಯ ತೆರಿಗೆ ರಿಟರ್ನ್ ಹಾಕಿಲ್ಲ. 48 ಲಕ್ಷದ ಮನೆ ನೋಡಿದ್ದೇವೆ, 38 ಲಕ್ಷ ಸಾಲ ಬೇಕು. ಸ್ಯಾಲರಿ ಸ್ಲಿಪ್ ಕೊಟ್ಟರೆ ‘ಇದು ನಡೆಯಲ್ಲ’ ಅಂದರು. ನಾನು ನಿಜವಾಗಿ ದುಡಿಯುತ್ತೇನೆ ಸರ್. ಹೇಗೆ ನಂಬಿಸುವುದು?

ನೀವು ದುಡಿಯುತ್ತೀರಿ ಅಂತ ನಾನು ನಂಬುತ್ತೇನೆ. ಬ್ರಾಂಚ್ ಮ್ಯಾನೇಜರೂ ನಂಬಿರಬಹುದು. ಅವರ ಮನೆಯ ನಲ್ಲಿ ನಿಮ್ಮ ಅಂಗಡಿಯದ್ದೇ ಇದ್ದರೂ ಇರಬಹುದು. ಆದರೆ ಫೈಲು ಅವರ ಟೇಬಲ್ಲಿಗೇ ನಿಲ್ಲಲ್ಲ. ಸಾಲ ಮಂಜೂರು ಮಾಡುವವರಿಗೆ ನಿಮ್ಮ ಮುಖ ಗೊತ್ತಿಲ್ಲ. ಅವರಿಗೆ ಕಾಣುವುದು ಇಷ್ಟೆ: ಸಂಬಳ ಕೊಟ್ಟೆ ಅಂತ ಸಹಿ ಹಾಕಿದವರು, ತಗೊಂಡೆ ಅನ್ನುವವರು, ಇಬ್ಬರೂ ರಾತ್ರಿ ಒಂದೇ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ. 45,000 ಬದಲು 90,000 ಅಂತ ಬರೆದುಕೊಂಡಿದ್ದರೆ ತಡೆಯುವವರು ಯಾರಿದ್ದರು? ಇನ್ನೊಂದು ವಿಷಯ. ವ್ಯಾಪಾರ ಮಂದ ಆದಾಗ ಕೆಲಸದ ಹುಡುಗರಿಗೆ ಸಂಬಳ ಕೊಡಲೇಬೇಕು. ಮಗನಿಗೆ ಮಾತ್ರ ‘ಮುಂದಿನ ತಿಂಗಳು ನೋಡೋಣ ಬಿಡು’ ಅನ್ನಬಹುದು. ನಾನು ಸಾಲ ವಿಭಾಗದಲ್ಲಿ ಕೂತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದೂ ಇದೇ.

ಹಾಗಾಗಿ ಮನೆಯವರು ಬರೆದ ಕಾಗದ ಎಷ್ಟು ಕೊಟ್ಟರೂ ಬ್ಯಾಂಕಿಗೆ ತೂಕ ಇಲ್ಲ. ಲೆಟರ್‌ಹೆಡ್, ಸೀಲು, ನೇಮಕಾತಿ ಪತ್ರ ಎಲ್ಲ ಅದೇ ಅಂಗಡಿಯ ಡ್ರಾಯರ್‌ನಿಂದ ಬಂದದ್ದು. ಬೇಕಾಗಿರುವುದು ಹೊರಗಿನವರ ಹತ್ತಿರ ಇರುವ ದಾಖಲೆ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮ ರಿಟರ್ನ್, ಅಪ್ಪನ ರಿಟರ್ನ್, ಅಂಗಡಿಯ ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾಣುವ 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ). ಇವೆಲ್ಲ ಒಂದೇ ಕಥೆ ಹೇಳಬೇಕು.

ಈಗ ನಿಮ್ಮ ಕಥೆ ನೋಡೋಣ. ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಸಂಬಳ 45,000 ಅಲ್ಲ, 20,000. ಕೈಗೆ ಬಂದ 25,000 ಅವರ ಮಟ್ಟಿಗೆ ಬಂದೇ ಇಲ್ಲ. ನಗದಿನಲ್ಲಿ ಕೊಟ್ಟರೆ ಅಪ್ಪನಿಗಾದರೂ ಲಾಭ ಇದೆಯಾ ಅಂದರೆ ಅದೂ ಇಲ್ಲ. ಆದಾಯ ತೆರಿಗೆ ನಿಯಮದ ಪ್ರಕಾರ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದನ್ನು ವ್ಯಾಪಾರದ ಖರ್ಚು ಅಂತ ಒಪ್ಪುವುದಿಲ್ಲ. ಗಲ್ಲಾದಿಂದ ಎಣಿಸಿ ಕೊಡುವುದು ಅಭ್ಯಾಸ ಅಷ್ಟೆ.

ಲೆಕ್ಕ ಹಾಕಿ. ಶೇ 8.5 ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ಆದಾಯದ ಅರ್ಧ ಕಂತಿಗೆ ಹೋಗಬಹುದು ಅಂತ ಹಿಡಿದರೆ 20,000 ಸಂಬಳಕ್ಕೆ ಹನ್ನೊಂದೂವರೆ ಲಕ್ಷ ಸಾಲ. ಪೂರ್ತಿ 45,000 ಒಪ್ಪಿದರೂ 26 ಲಕ್ಷ ದಾಟಲ್ಲ. ನೀವು ಕೇಳಿರುವ 38 ಲಕ್ಷಕ್ಕೆ ತಿಂಗಳಿಗೆ 33,000 ಕಂತು. ಅಂದರೆ ಸ್ಯಾಲರಿ ಸ್ಲಿಪ್ ಒಪ್ಪಿಕೊಂಡಿದ್ದರೂ ನಿಮಗೆ ಈ ಸಾಲ ಸಿಗುತ್ತಿರಲಿಲ್ಲ. ಇದನ್ನು ಆ ಬ್ಯಾಂಕಿನವರು ಮೊದಲೇ ಹೇಳಬೇಕಿತ್ತು. ಇನ್ನೂ ಒಂದು ಮಾತು ಸೇರಿಸಿಕೊಳ್ಳಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಆ ಲೆಕ್ಕಕ್ಕೆ ಸೇರಲ್ಲ. ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. 48 ಲಕ್ಷದ ಮನೆಗೆ ಈ ಖರ್ಚೇ ಮೂರೂವರೆ ಲಕ್ಷ ದಾಟುತ್ತದೆ. ಕೈಯಲ್ಲಿ ಎಷ್ಟಿದೆ ಅಂತ ನೀವು ಬರೆದೇ ಇಲ್ಲ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಅಪ್ಪ ಯಾವ ರೀತಿ ರಿಟರ್ನ್ ಹಾಕುತ್ತಾರೆ? ಸಣ್ಣ ಅಂಗಡಿಯವರು ಬಹಳಷ್ಟು ಜನ 44ಎಡಿ ಅಂತ ಕರೆಯುತ್ತಾ ಬಂದಿರುವ ಅಂದಾಜು ಲಾಭದ ಪದ್ಧತಿಯಲ್ಲಿ ಹಾಕುತ್ತಾರೆ. ವಹಿವಾಟಿನ ಶೇ 8 ಅಥವಾ ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಲಾಭ ಅಂತ ತೋರಿಸಿದರೆ ಮುಗಿಯಿತು, ಲೆಕ್ಕದ ಪುಸ್ತಕ ಬೇಡ. ಸುಲಭ ಏನೋ ಹೌದು. ಆದರೆ ಅಲ್ಲಿ ನಿಮ್ಮ ಸಂಬಳ ಅನ್ನುವ ಖರ್ಚು ಎಲ್ಲೂ ಕಾಣುವುದಿಲ್ಲ. ಮಗ ‘ವರ್ಷಕ್ಕೆ 5.4 ಲಕ್ಷ ಸಂಬಳ ಬಂತು’ ಅನ್ನುತ್ತಾನೆ, ಅಪ್ಪನ ರಿಟರ್ನ್‌ನಲ್ಲಿ ಒಟ್ಟು ಲಾಭವೇ 4.8 ಲಕ್ಷ. ಇಂಥ ಫೈಲು ನನ್ನ ಮುಂದೆ ಎಷ್ಟೋ ಬಂದಿದೆ. ವಾಪಸ್ ಕಳಿಸದೆ ಇನ್ನೇನು ಮಾಡಲಿ? ಹಾಗಂತ ನಾಳೆಯೇ 44ಎಡಿ ಬಿಟ್ಟು ಹೊರಗೆ ಬನ್ನಿ ಅಂತ ಹೇಳುತ್ತಿಲ್ಲ. ಮಧ್ಯದಲ್ಲಿ ಬಿಟ್ಟರೆ ಮುಂದಿನ ಐದು ವರ್ಷ ವಾಪಸ್ ಹೋಗುವಂತಿಲ್ಲ, ಆಡಿಟ್ ಕೂಡ ಬೀಳಬಹುದು. ಅಪ್ಪನನ್ನೂ ಕರೆದುಕೊಂಡು ಆಡಿಟರ್ ಹತ್ತಿರ ಒಂದು ಗಂಟೆ ಕೂತುಕೊಳ್ಳಿ.

ಮುಂದಿನ ತಿಂಗಳಿಂದ ಪೂರ್ತಿ ಸಂಬಳ ಅಂಗಡಿಯ ಕರೆಂಟ್ ಅಕೌಂಟಿನಿಂದ ನಿಮ್ಮ ಖಾತೆಗೆ ಬರಲಿ. ಪ್ರತಿ ತಿಂಗಳೂ ಹೆಚ್ಚುಕಮ್ಮಿ ಅದೇ ತಾರೀಖಿಗೆ, ಅದೇ ಮೊತ್ತ. ಕರ್ನಾಟಕದಲ್ಲಿ 25,000 ಮತ್ತು ಮೇಲಿನ ಸಂಬಳಕ್ಕೆ ವೃತ್ತಿ ತೆರಿಗೆ ಇದೆ, ಅದನ್ನು ಹಿಡಿದು ಕಟ್ಟಲಿ. ಇನ್ನೂರು ರೂಪಾಯಿ ಉಳಿಸಲು ಹೋಗಿ ಒಳ್ಳೆಯ ಸಾಕ್ಷಿ ಕಳೆದುಕೊಳ್ಳಬೇಡಿ. ವರ್ಷ ಮುಗಿದ ಮೇಲೆ ಗಡುವಿನೊಳಗೆ ರಿಟರ್ನ್ ಹಾಕಿ. ‘ತೆರಿಗೆ ಬೀಳುತ್ತೆ’ ಅನ್ನುವ ಹೆದರಿಕೆ ಇನ್ನೂ ಯಾಕೆ ಉಳಿದಿದೆಯೋ ನನಗೆ ಗೊತ್ತಿಲ್ಲ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. ನಿಮ್ಮ 5.4 ಲಕ್ಷಕ್ಕೆ ಒಂದು ರೂಪಾಯಿಯೂ ಬೀಳಲ್ಲ. ಆದರೆ ತೆರಿಗೆ ಇಲ್ಲ ಅಂದರೆ ರಿಟರ್ನ್ ಬೇಡ ಅಂತಲ್ಲ. ತೆರಿಗೆ ಹಿಡಿಯದ ಕಾರಣ ಫಾರ್ಮ್ 16, ಅಂದರೆ ಸಂಬಳ ಕೊಟ್ಟವರು ಕೊಡುವ ತೆರಿಗೆ ಪ್ರಮಾಣಪತ್ರ, ಬರದೇ ಇರಬಹುದು. ಆಗ ಕೈಯಲ್ಲಿ ಉಳಿಯುವುದು ರಿಟರ್ನ್ ಮತ್ತು ಸ್ಟೇಟ್‌ಮೆಂಟ್ ಎರಡೇ.

ಹೀಗೆ ಎರಡು ವರ್ಷ. ಹೌದು, ಎರಡು ವರ್ಷ. ಹಳೆಯದನ್ನೆಲ್ಲ ಈ ವಾರ ಕೂತು ಹಾಕಿಬಿಡೋಣ ಅನ್ನಬೇಡಿ. ಮೂರು ವರ್ಷದ ರಿಟರ್ನ್ ಒಂದೇ ವಾರದಲ್ಲಿ ಸಲ್ಲಿಕೆ ಆಗಿದ್ದರೆ, ತಾರೀಖು ನೋಡಿದ ಕೂಡಲೇ ಇದು ಸಾಲಕ್ಕೋಸ್ಕರ ಹುಟ್ಟಿದ ಆದಾಯ ಅಂತ ಗೊತ್ತಾಗುತ್ತದೆ.

ಖಾತೆಗೆ ಬಂದ ಹಣ ಖಾತೆಯಲ್ಲಿ ಇರಬೇಕು ಅಥವಾ ನಿಮ್ಮ ಖರ್ಚಿಗೆ ಹೋಗಬೇಕು. ಇದನ್ನು ಬಿಡಿಸಿ ಹೇಳಲು ಕಾರಣ ಇದೆ. ಒಮ್ಮೆ ಒಬ್ಬ ಹುಡುಗನ ಸ್ಟೇಟ್‌ಮೆಂಟ್ ನೋಡುತ್ತಿದ್ದೆ. 1ನೇ ತಾರೀಖು ಸಂಬಳ ಜಮಾ, 3ನೇ ತಾರೀಖು ಅಷ್ಟೇ ಮೊತ್ತ ಅಪ್ಪನ ಖಾತೆಗೆ ವಾಪಸ್. ಹನ್ನೆರಡು ತಿಂಗಳೂ ಹಾಗೇ. ಕೇಳಿದರೆ ‘ಮನೆ ಖರ್ಚಿಗೆ ಕೊಡುತ್ತೇನೆ ಸರ್’ ಅಂದ. ಪಾಪ, ನಿಜವೂ ಇರಬಹುದು. ಬ್ಯಾಂಕಿನಿಂದ ವಿಚಾರಣೆಗೆ ಹೋದವರು ಅಂಗಡಿಯ ಕೆಲಸದ ಹುಡುಗನನ್ನು ‘ಇವರು ಇಲ್ಲಿ ಕೆಲಸ ಮಾಡುತ್ತಾರಾ?’ ಅಂತ ಕೇಳಿದ್ದಾರೆ. ‘ಅಣ್ಣನಾ? ಸಂಜೆ ಒಂದು ರೌಂಡ್ ಬರ್ತಾರೆ’ ಅಂದನಂತೆ. ಫೈಲು ಅಲ್ಲಿಗೆ ಮುಗಿಯಿತು.

ಎರಡು ವರ್ಷ ಕಾಯಲು ಆಗದಿದ್ದರೆ ಅಪ್ಪ ಸಹ-ಅರ್ಜಿದಾರರಾಗಬೇಕು. ಆಗ ಬ್ಯಾಂಕು ಅಂಗಡಿಯ ಆದಾಯವನ್ನೇ ನೇರವಾಗಿ ನೋಡುತ್ತದೆ, ನಿಮ್ಮ ಸ್ಲಿಪ್ಪಿನ ಜಗಳವೇ ಇರಲ್ಲ. ತೊಂದರೆ ಬೇರೆ ಕಡೆ ಇದೆ. ಅಪ್ಪನ ರಿಟರ್ನ್‌ನಲ್ಲಿ ತೋರಿಸಿದ ಲಾಭದಷ್ಟೇ ಲೆಕ್ಕಕ್ಕೆ ಬರುವುದು. ಅಂಗಡಿಗೆ ಓವರ್‌ಡ್ರಾಫ್ಟ್ (ಓಡಿ) ಅಥವಾ ಕ್ಯಾಶ್ ಕ್ರೆಡಿಟ್ (ಸಿಸಿ) ಸಾಲ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅವರ ವಯಸ್ಸು 58 ಅಂತ ಇಟ್ಟುಕೊಳ್ಳಿ. ಅವರ ಆದಾಯ ಸೇರಿಸುವುದಾದರೆ 70ಕ್ಕೆ ಸಾಲ ಮುಗಿಯಬೇಕು ಅಂತ ಬ್ಯಾಂಕು ಹೇಳಿದರೆ 12 ವರ್ಷ ಸಿಕ್ಕಿತು. ಅದೇ ಬಡ್ಡಿಗೆ ಲಕ್ಷಕ್ಕೆ 868 ಇದ್ದ ಕಂತು 1,110 ಆಗುತ್ತದೆ.

ನನ್ನನ್ನು ಕೇಳಿದರೆ, ಸಿಕ್ಕರೂ 25 ಲಕ್ಷಕ್ಕಿಂತ ಮೇಲೆ ಹೋಗಬೇಡಿ. ಬೇರೆಯವರ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳ ಇರುತ್ತದೆ. ನಿಮ್ಮ ಮನೆಯಲ್ಲಿ ಅಪ್ಪನ ಆದಾಯ, ನಿಮ್ಮ ಸಂಬಳ, ಓಡಿ ಬಡ್ಡಿ, ಮನೆ ಕಂತು ಎಲ್ಲ ಒಂದೇ ಶಟರ್ ಮೇಲೆ ನಿಂತಿದೆ. ನಾನು ಅಂಜುಬುರುಕ ಅಂತ ಬೇಕಾದರೆ ಅಂದುಕೊಳ್ಳಿ.

ಪ್ರಶ್ನೆ: ಒಬ್ಬ ಏಜೆಂಟ್ 15,000 ಕೊಟ್ಟರೆ ಫಾರ್ಮ್ 16, ಮೂರು ವರ್ಷದ ಐಟಿ ರಿಟರ್ನ್, ಸಿಎ ಸರ್ಟಿಫಿಕೇಟ್ ಎಲ್ಲ ‘ಸೆಟ್’ ಮಾಡಿಕೊಡುತ್ತೇನೆ ಅನ್ನುತ್ತಿದ್ದಾನೆ. ಮಾಡಿಸಬಹುದಾ?

ಇಂಥವರಿಗೆ ಲೋನ್ ಕನ್ಸಲ್ಟೆಂಟ್ ಅಂತ ಬೋರ್ಡು ಬೇರೆ. ಅವನು ಮಾಡುವುದು ನಕಲಿ ದಾಖಲೆ, ಸಹಿ ಹಾಕಿ ಬ್ಯಾಂಕಿಗೆ ಕೊಡುವುದು ನೀವು. ಸಿಕ್ಕಿಬಿದ್ದ ದಿನ ಅವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಸಿಕ್ಕಿಬೀಳುವುದೂ ಈಗ ಕಷ್ಟ ಇಲ್ಲ. 2019ರ ಫೆಬ್ರುವರಿ 1ರಿಂದ ಸಿಎ ಕೊಡುವ ಪ್ರತಿ ಸರ್ಟಿಫಿಕೇಟಿಗೂ 18 ಅಂಕಿ-ಅಕ್ಷರಗಳ ಗುರುತಿನ ಸಂಖ್ಯೆ, ಅಂದರೆ ಯುಡಿಐಎನ್, ಕಡ್ಡಾಯ. ಬ್ಯಾಂಕಿನವರು ಆನ್‌ಲೈನ್‌ನಲ್ಲಿ ಹಾಕಿ ನೋಡಿದರೆ ಸುಳ್ಳು ಅಲ್ಲೇ ಕಾಣುತ್ತದೆ. ಫಾರ್ಮ್ 16ರಲ್ಲಿ ಇರುವ ತೆರಿಗೆ 26ಎಎಸ್‌ನಲ್ಲೂ ಇರಬೇಕು. 15,000ಕ್ಕೆ ಅಂಗಡಿಗೆ ಒಳ್ಳೆಯ ಲೆಕ್ಕದ ಸಾಫ್ಟ್‌ವೇರ್ ಹಾಕಿಸಿ.

ಪ್ರಶ್ನೆ: ಅಪ್ಪ ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಂಡಿದ್ದಾರೆ. ಫಾರ್ಮ್ 16 ಕೇಳಿದರೆ ಆಡಿಟರ್ ಕೊಡಲ್ಲ ಅನ್ನುತ್ತಾರೆ.

ಆಡಿಟರ್ ಹೇಳಿದ್ದು ಸರಿ. ಪಾಲುದಾರನಿಗೆ ಫರ್ಮ್ ಕೊಡುವುದಕ್ಕೆ ಸಂಬಳ ಅಂತ ಹೆಸರಿದ್ದರೂ ತೆರಿಗೆ ಲೆಕ್ಕದಲ್ಲಿ ಅದು ವ್ಯಾಪಾರದ ಆದಾಯ. ನೀವು ಸಂಬಳದವರ ಸಾಲಿನಲ್ಲಿ ನಿಲ್ಲಬೇಡಿ, ಸ್ವಂತ ವ್ಯಾಪಾರದವರ ಅರ್ಜಿ ಹಾಕಿ. 2025ರ ಏಪ್ರಿಲ್ 1ರಿಂದ ಪಾಲುದಾರರಿಗೆ ವರ್ಷಕ್ಕೆ 20,000 ದಾಟಿ ಕೊಟ್ಟರೆ ಫರ್ಮ್ ಶೇ 10 ತೆರಿಗೆ ಹಿಡಿಯಬೇಕು. ಎಲ್ಲರೂ ಇದಕ್ಕೆ ಗೊಣಗುತ್ತಿದ್ದಾರೆ. ಸಾಲ ಕೇಳುವವರಿಗೆ ಇದು ಒಳ್ಳೆಯದೇ, ನಿಮ್ಮ ಆದಾಯ ತಾನಾಗಿ 26ಎಎಸ್‌ಗೆ ಬಂತಲ್ಲ.

ಪ್ರಶ್ನೆ: ಹೆಂಡತಿಯನ್ನೂ ನನ್ನ ಅಂಗಡಿಯಲ್ಲಿ ಸಂಬಳಕ್ಕೆ ಹಾಕಿಕೊಂಡರೆ ಇಬ್ಬರ ಆದಾಯ ತೋರಿಸಬಹುದು ಅಲ್ವಾ?

ಗಂಡನ ಅಂಗಡಿಯಿಂದ ಹೆಂಡತಿಗೆ ಹೋಗುವ ಸಂಬಳವನ್ನು ಗಂಡನ ಆದಾಯಕ್ಕೇ ಸೇರಿಸಿ ತೆರಿಗೆ ಹಾಕುತ್ತಾರೆ. ಅವರಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು, ಅದರಿಂದಲೇ ದುಡಿಯುತ್ತಿದ್ದರೆ ಬೇರೆ ಮಾತು. ಸುಮ್ನೆ ಹೆಸರು ಬರೆದುಕೊಂಡರೆ ಆಗಲ್ಲ.

ಪ್ರಶ್ನೆ: ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಟ್ಟರೆ ಸಾಕಾಗುತ್ತಾ?

ಅದು ವಿದ್ಯಾರ್ಥಿವೇತನಕ್ಕೆ. ಅದರಲ್ಲಿ ವರ್ಷಕ್ಕೆ 40,000 ಅಂತ ಬರೆಸಿಕೊಂಡು ಬ್ಯಾಂಕಿಗೆ ತಿಂಗಳಿಗೆ 40,000 ಅಂದವರನ್ನೂ ನೋಡಿದ್ದೇನೆ.

ಪ್ರಶ್ನೆ: ಸಿಬಿಲ್ ಸ್ಕೋರ್ 780 ಇದೆ. ಆದರೂ ಆದಾಯದ ದಾಖಲೆ ಯಾಕೆ ಕೇಳುತ್ತಾರೆ?

ಹಳೆ ಸಾಲ ತೀರಿಸಿದ್ದೀರಿ ಅಂತ ಅದು ಹೇಳುತ್ತದೆ. ಎಷ್ಟು ದುಡಿಯುತ್ತೀರಿ ಅಂತ ಹೇಳಲ್ಲ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಅಣ್ಣತಮ್ಮಂದಿರು ಸೇರಿ ನೋಡಿಕೊಳ್ಳುತ್ತೇವೆ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ಏನು ತೋರಿಸುವುದು?

ತೆರಿಗೆ ಇಲ್ಲದಿದ್ದರೂ ರಿಟರ್ನ್‌ನಲ್ಲಿ ತೋರಿಸಿ. ಪಹಣಿಯಲ್ಲಿ ನಿಮ್ಮ ಹೆಸರು, ಪಾಲು ಇರಲಿ. ಕ್ಯಾಂಪ್ಕೊ, ಮ್ಯಾಮ್‌ಕೋಸ್‌ನಂಥ ಸಂಘದಲ್ಲಿ ಮಾರಿ ಹಣ ಖಾತೆಗೆ ಬಂದಿದ್ದರೆ ಆ ಬಿಲ್ಲುಗಳೇ ದೊಡ್ಡ ದಾಖಲೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಚೀಲ ತೂಗಿ ನೋಟು ಎಣಿಸಿಕೊಂಡಿದ್ದರೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ಸಂಬಳ ಬ್ಯಾಂಕಿಗೆ ಹಾಕಿ ಅಂದರೆ ಅಪ್ಪ ಒಪ್ಪುತ್ತಿಲ್ಲ. ‘ನನ್ನ ಮಗನಿಗೆ ನಾನು ಸಂಬಳ ಕೊಡೋದಾ’ ಅಂತ ರೇಗುತ್ತಾರೆ. ಏನು ಮಾಡಲಿ?

ಇದು ಬ್ಯಾಂಕಿನ ವಿಷಯ ಅಲ್ಲಪ್ಪ. ಅಮ್ಮನ ಕೈಲಿ ಹೇಳಿಸಿ ನೋಡಿ.