ಪ್ರತಿಕ್ರಿಯೆ: ಆರ್ಕ್ಟಿಕ್‌ನಾಗ ಅಷ್ಟ ಎಣ್ಣಿ ಇದ್ರ ಯಾಕ ತಗಿವಲ್ರು?

ಸರ, ಉತ್ತರ ಧ್ರುವದ ಕಡೆ 90 ಬಿಲಿಯನ್ ಬ್ಯಾರಲ್ ಎಣ್ಣಿ ಐತಿ ಅಂತಾರ, ಮತ್ಯಾಕ ಕಂಪನಿಗೋಳು ಮುಗಿಬೀಳವಲ್ವು ಅಂತ ಕೇಳೀರಲ್ಲ, ಆ ನಂಬರ್ ಅಮೆರಿಕದ ಭೂಗರ್ಭ ಸರ್ವೇದವ್ರು 2008ರಾಗ ಕೊಟ್ಟಿದ್ದು ಖರೇ, ಆದ್ರ ಅದು ಸಿಕ್ಕಿರೋ ಎಣ್ಣಿ ಅಲ್ರಿ, ಇನ್ನ ಸಿಗಬಹುದು ಅನ್ನೋ ಅಂದಾಜು, ಅದ್ರಾಗ ತಗಿಯೋ ಖರ್ಚು ಲೆಕ್ಕಕ್ಕ ಹಿಡದೇ ಇಲ್ಲ. ಎಣ್ಣಿ ಗ್ಯಾಸ್ ಸೇರಿ ನೂರಕ್ಕ 84 ಪಾಲು ಸಮುದ್ರದ ತಳದಾಗ ಐತಿ ಅಂದಾರ.

ನಮ್ಮ ಬೀಳಗಿ ಕಡೆ ಪಾಯಿಂಟ್ ತೋರ್ಸಿ ಬೋರ್ ಹೊಡಸಿದ್ರೂ ಬರೇ ಧೂಳ ಹಾರತೈತಲ್ಲ, ಅಲ್ಲೂ ಹಂಗ. ಶೆಲ್ ಕಂಪನಿ ಅಲಾಸ್ಕಾದ ಚುಕ್ಚಿ ಸಮುದ್ರದಾಗ ಸುಮಾರು 7 ಬಿಲಿಯನ್ ಡಾಲರ್ ಸುರೀತು, ಬರ್ಫ್ ಕರಗಿದ ಬ್ಯಾಸಗಿ ತಿಂಗಳದಾಗಷ್ಟ ಕೆಲಸ, 2015ರಾಗ ಬಾವಿ ಕೊರದ್ರ ಎಣ್ಣಿ ಗ್ಯಾಸಿನ ಸುಳಿವು ಸಿಕ್ತು, ಆದ್ರ ಗಿಟ್ಟೋವಷ್ಟ ಇರ್ಲಿಲ್ಲ, ಬಾವಿ ಮುಚ್ಚಿ ಬಂದ್ರು.

ಹಂಗಂತ ಯಾರೂ ತಗದೇ ಇಲ್ಲ ಅನ್ನೂದು ತಪ್ರಿ. ಅಲಾಸ್ಕಾದ್ದ ಪ್ರೂಡೋ ಬೇ ಅನ್ನೋ ಜಾಗಾದಾಗ 1968ಕ್ಕ ಎಣ್ಣಿ ಸಿಕ್ತು, ಹೊರಗ ಹರಿಯಾಕ 1977 ಬರಬೇಕಾತು, ಯಾಕಂದ್ರ ಸುಮಾರು 1,287 ಕಿಲೋಮೀಟರ್ ಪೈಪ್‌ಲೈನ್ ಹಾಕಬೇಕಿತ್ತು. ಅದ್ರಾಗ ಅರ್ಧಕ್ಕಿಂತ ಹೆಚ್ಚು ಪೈಪ್ ನೆಲದ ಮ್ಯಾಲೆ ಕಂಬದ ಮ್ಯಾಲ ಕುಂತೈತಿ, ಹುಗದ್ರ ಒಳಗಿನ ಬಿಸಿ ಎಣ್ಣಿಗೆ ಹೆಪ್ಪುಗಟ್ಟಿದ ನೆಲ ಕರಗಿ ಕುಸಿತೈತಿ. ಆ ಇಂಜಿನಿಯರ್‌ಗೋಳಿಗೆ ಕೈ ಮುಗೀಬೇಕ ನೋಡ್ರಿ.

ಬಾಗಲಕೋಟಿ ಕಡೆ ಸಿಗಬಹುದಾ ಅಂತನೂ ಕೇಳೀರಿ. ದೇಶದ 26 ಬೇಸಿನ್‌ಗೋಳ (ಪದರಗಲ್ಲು ಕೂಡಿದ ತಗ್ಗು, ಎಣ್ಣಿ ಹುಡುಕೋ ಜಾಗಾ) ಪಟ್ಟಿಯೊಳಗ ನಮ್ಮ ಭಾಗದ ಭೀಮಾ-ಕಲಾದಗಿ ಹೆಸರು ಐತಿ, ಆದ್ರ ಇಲ್ಲಿ ಕಲ್ಲು ಬಾಳ ಹಳೀವು, ಇಲ್ಲೀತನಕ ವ್ಯಾಪಾರಕ್ಕ ಆಗೋವಂಥದ್ದು ಏನೂ ಸಿಕ್ಕಿಲ್ಲ, ಎಣ್ಣಿ ಐತಿ ಅಂತ ಯಾರರೆ ಹೊಲ ತೋರ್ಸಿದ್ರ ರೊಕ್ಕ ಕೊಡಬ್ಯಾಡ್ರಿ.