ಸುಂಕದವನ ಮುಂದೆ ನಿಂತವರು ಯಾರು?

ಹರಿಹರದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ನವೆಂಬರ್ ಸಂಚಿಕೆಯ ನಮ್ಮ ಮುಖಪುಟ ಲೇಖನ ಅವರಿಗೆ ಹಿಡಿಸಿಲ್ಲ. ಅವರ ಮಾತು ಚುಟುಕಾಗಿ ಇಷ್ಟು: 'ಟ್ರಂಪ್ ಮಾಡಿದ್ದರಲ್ಲಿ ತಪ್ಪೇನಿದೆ? ಹೊರಗಿನ ಸರಕಿಗೆ ಸುಂಕ ಹಾಕಿದರು, ದುಡ್ಡು ಬಂತು. ಕಂಡವರಿಗೆಲ್ಲ ದಾನ ಮಾಡುವುದನ್ನು ನಿಲ್ಲಿಸಿದರು, ದುಡ್ಡು ಉಳಿಯಿತು. ಯಾರಿಗೂ ಬೇಡದ ಸಂಶೋಧನೆಗೆ ಕತ್ತರಿ ಹಾಕಿದರು, ಇನ್ನಷ್ಟು ಉಳಿಯಿತು. ಸಾಲದಲ್ಲಿರುವ ಮನೆಯ ಯಜಮಾನ ಮಾಡುವುದೂ ಇದನ್ನೇ. ನೀವು ಸುಮ್ನೆ ಆಕಾಶ ಕಳಚಿ ಬಿದ್ದ ಹಾಗೆ ಬರೆದಿದ್ದೀರಿ.' ಕೊನೆಗೆ ಒಂದು ಸಾಲು ಬೇರೆ. ಅವರ ಮನೆಯಲ್ಲಿ ಅಮೆರಿಕದ ಹಳೇ ಎಣ್ಣೆ ಡಬ್ಬವೊಂದು ಇನ್ನೂ ಇದೆಯಂತೆ, ಈಗ ಅದರಲ್ಲಿ ಅಕ್ಕಿ ತುಂಬಿಡುತ್ತಾರಂತೆ.

ಮೇಷ್ಟ್ರೇ,

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 'ಅಮೆರಿಕಕ್ಕೆ ಶೇ 50 ಸುಂಕ ಕಟ್ಟುವ ಭಾರತ' ಎಂದು ನಾವು ತಲೆಬರಹ ಕೊಟ್ಟಿದ್ದೆವು. ಭಾರತ ಅಲ್ಲಿ ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ಬೆಂಗಳೂರಿನಲ್ಲಿ ಹೊಲಿದ ಅಂಗಿ ನ್ಯೂಯಾರ್ಕಿನ ಬಂದರಿನಲ್ಲಿ ಇಳಿದಾಗ ಸುಂಕ ಕಟ್ಟುವವನು ಅದನ್ನು ತರಿಸಿಕೊಂಡ ಅಮೆರಿಕದ ವ್ಯಾಪಾರಿ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಳ್ಳಬೇಕಾದವನೂ ಅವನೇ. ನಮ್ಮ ತಲೆಬರಹ ನಂಬಿ ನೀವು ವಾದ ಕಟ್ಟಿದ್ದೀರಿ. ಹಾಗಾಗಿ ಅರ್ಧ ತಪ್ಪು ನಮ್ಮ ತಲೆಯ ಮೇಲಿರಲಿ.

ದುಡ್ಡು ಬಂತು ಅನ್ನುವುದು ಸುಳ್ಳಲ್ಲ. 2025ರ ಸೆಪ್ಟೆಂಬರ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಅಮೆರಿಕದ ಖಜಾನೆಗೆ ಸುಂಕದಿಂದ ಸುಮಾರು 19,500 ಕೋಟಿ ಡಾಲರ್ ಬಂದಿದೆ. ಅದರ ಹಿಂದಿನ ವರ್ಷ ಬಂದಿದ್ದು 7,700 ಕೋಟಿ. ಆದರೆ ಯಾರ ಜೇಬಿನಿಂದ ಬಂತು?

ಇದಕ್ಕೆ ಹಳೇ ಕಥೆಯೊಂದಿದೆ. 2018ರಲ್ಲಿ ಇದೇ ಟ್ರಂಪ್ ಹೊರದೇಶದ ವಾಷಿಂಗ್ ಮಷಿನ್‌ಗಳಿಗೆ ಸುಂಕ ಹಾಕಿದರು. ಒಂದೊಂದು ಮಷಿನ್ ಬೆಲೆ ಸುಮಾರು 86 ಡಾಲರ್ ಏರಿತು. ಇದು ನಿರೀಕ್ಷೆ ಮಾಡಿದ್ದೇ. ತಮಾಷೆ ಏನು ಅಂದರೆ, ಬಟ್ಟೆ ಒಣಗಿಸುವ ಡ್ರೈಯರ್‌ಗೆ ಸುಂಕವೇ ಇರಲಿಲ್ಲ, ಆದರೂ ಅದರ ಬೆಲೆ 92 ಡಾಲರ್ ಏರಿತು! ಅಲ್ಲಿಯ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿಬಿಟ್ಟರು. ಇದನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರ ಪ್ರಕಾರ ಗಿರಾಕಿಗಳಿಗೆ ವರ್ಷಕ್ಕೆ 150 ಕೋಟಿ ಡಾಲರ್ ಹೊರೆ ಬಿತ್ತು. ಖಜಾನೆಗೆ ಬಂದಿದ್ದು 8.2 ಕೋಟಿ. ಕಾರ್ಖಾನೆಗಳಲ್ಲಿ ಸುಮಾರು 1,800 ಜನರಿಗೆ ಕೆಲಸ ಸಿಕ್ಕಿತು, ನಿಜ. ಆದರೆ ಒಂದೊಂದು ಕೆಲಸಕ್ಕೆ ಗಿರಾಕಿಗಳು ತೆತ್ತಿದ್ದು ಸುಮಾರು 8 ಲಕ್ಷ ಡಾಲರ್. ಅಷ್ಟು ದುಡ್ಡನ್ನು ಆ ಕೆಲಸಗಾರನ ಕೈಗೇ ಕೊಟ್ಟಿದ್ದರೆ ಅವನು ಮನೆಯಲ್ಲೇ ಕೂತು ಹತ್ತು ವರ್ಷ ಹಾಯಾಗಿ ಇರಬಹುದಿತ್ತು.

2025ರ ಕಾಫಿಯನ್ನೇ ನೋಡಿ. ಹವಾಯಿಯಂಥ ಕಡೆ ಬಿಟ್ಟರೆ ಅಮೆರಿಕದಲ್ಲಿ ಕಾಫಿ ಬೆಳೆಯುವುದೇ ಇಲ್ಲ ಅನ್ನಬಹುದು. ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಕಾಫಿಗೆ ಶೇ 50 ಸುಂಕ ಬಿತ್ತು. ಅಂಗಡಿಯಲ್ಲಿ ಪುಡಿ ಬೆಲೆ ಏರಿತು, ಜನ ಗೊಣಗಿದರು, ನವೆಂಬರ್‌ನಲ್ಲಿ ಕಾಫಿಯ ಮೇಲಿನ ಸುಂಕ ತೆಗೆದರು. ಅದನ್ನು ಬ್ರೆಜಿಲ್‌ನವರೇ ಕಟ್ಟುತ್ತಿದ್ದರೆ ತೆಗೆಯುವ ಅವಸರ ಯಾಕಿತ್ತು?

ಹಾಗಂತ ನಮ್ಮವರು ಪಾರಾದರು ಅಂತಲ್ಲ. 2025ರ ಆಗಸ್ಟ್ 27ರಿಂದ ನಮ್ಮ ಬಟ್ಟೆಗೆ ಹೆಚ್ಚುವರಿ ಸುಂಕ ಶೇ 50 ಆಯಿತು, ಬಾಂಗ್ಲಾದೇಶ ಮತ್ತು ವಿಯೆಟ್ನಾಂನವರಿಗೆ ಆಗ ಇದ್ದಿದ್ದು ಶೇ 20. ಸುಂಕ ಕಟ್ಟುವ ವ್ಯಾಪಾರಿ ಸುಮ್ಮನಿರುತ್ತಾನಾ? 'ರೇಟು ಇಳಿಸು, ಇಲ್ಲಾಂದ್ರೆ ಆರ್ಡರ್ ಢಾಕಾಗೆ ಹೋಗುತ್ತೆ' ಅನ್ನುತ್ತಾನೆ. ಅದರ ಬಿಸಿ ಕೊನೆಗೆ ತಟ್ಟುವುದು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮಷಿನ್ ತುಳಿಯುವ ಹೆಣ್ಣುಮಕ್ಕಳಿಗೆ. ಅವರಿಗೆ ಓವರ್‌ಟೈಮ್ ತಪ್ಪಿದರೆ ಆ ತಿಂಗಳ ಚೀಟಿ ದುಡ್ಡು ತಪ್ಪಿದ ಹಾಗೆ.

ಇನ್ನು ದಾನದ ಮಾತು. ನಿಮ್ಮ ಡಬ್ಬದ ಸಾಲು ಓದಿ ನಾನು ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ನಾನೂ ಕೇರ್ ಉಪ್ಪಿಟ್ಟು, ಅಂದರೆ ಅಮೆರಿಕದ ಕೇರ್ ಸಂಸ್ಥೆ ಶಾಲೆಗಳಿಗೆ ಕಳಿಸುತ್ತಿದ್ದ ನೆರವಿನ ಉಪ್ಪಿಟ್ಟು, ತಿಂದು ಬೆಳೆದವನೇ. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆ, ಗೋಧಿ ನುಚ್ಚು, ಹಳದಿ ಹಿಟ್ಟು, ಹಾಲಿನ ಪುಡಿ. ಚೀಲದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಅಮೆರಿಕ ಎಂಥ ದಾನಶೂರ ದೇಶ ಅಂತ ಆಗ ಅನ್ನಿಸುತ್ತಿತ್ತು. ದೊಡ್ಡವನಾದ ಮೇಲೆ ಗೊತ್ತಾಯಿತು, ಅದಕ್ಕೆ ಇನ್ನೊಂದು ಮುಖವೂ ಇತ್ತು ಅಂತ. 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಆ ಆಹಾರ ನೆರವಿನ ಕಾನೂನು (ಪಿಎಲ್ 480) ಹುಟ್ಟಿದ್ದೇ ಅಲ್ಲಿಯ ರೈತರ ಮಿಕ್ಕ ಫಸಲಿಗೆ ದಾರಿ ಮಾಡಲು. ಸರ್ಕಾರ ರೈತನಿಂದ ಕೊಂಡು ಹೊರಗೆ ಕಳಿಸುತ್ತಿತ್ತು. ನಮ್ಮ ಹೊಟ್ಟೆ ತುಂಬಿತು, ಅವರ ಕಣಜ ಖಾಲಿಯಾಯಿತು. (ಆ ಗೋಧಿಯ ಜೊತೆಗೇ ಕಾಂಗ್ರೆಸ್ ಗಿಡದ ಬೀಜವೂ ಬಂತು ಅನ್ನುವವರಿದ್ದಾರೆ. ಅದನ್ನು ಕಿತ್ತು ಕೈ ಕೆರೆದುಕೊಂಡವರಿಗೆ ದಾನದ ಆ ಭಾಗವೂ ನೆನಪಿರುತ್ತದೆ.)

ವ್ಯವಸ್ಥೆ ಮೊನ್ನೆ ಮೊನ್ನೆಯವರೆಗೆ ಹೆಚ್ಚುಕಡಿಮೆ ಹಾಗೇ ಇತ್ತು. ಕಾನ್ಸಾಸ್‌ನ ರೈತ ಬೆಳೆದ ಜೋಳವನ್ನು, ಹೌದು, ನಮ್ಮ ರೊಟ್ಟಿಯ ಜೋಳವನ್ನೇ, ಕೊಂಡು ಆಫ್ರಿಕಾಕ್ಕೆ ಕಳಿಸುತ್ತಿದ್ದರು. ಜಾರ್ಜಿಯಾದ ಕಡಲೆಕಾಯಿಯನ್ನು ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿ ಅರೆದು, ಬಡಕಲಾದ ಮಕ್ಕಳಿಗೆ 500 ಕ್ಯಾಲರಿಯ ಪುಟ್ಟ ಪೊಟ್ಟಣ ಮಾಡುತ್ತಿದ್ದರು. ಹಡಗಿನ ವಿಚಾರದಲ್ಲೂ ಕಾನೂನಿದೆ. ನೆರವಿನ ಆಹಾರದಲ್ಲಿ ಕನಿಷ್ಠ ಅರ್ಧವಾದರೂ ಅಮೆರಿಕದ ಹಡಗಿನಲ್ಲೇ ಹೋಗಬೇಕು. ಅದರ ಬಾಡಿಗೆ ಜಾಸ್ತಿ. ನೆರವಿನಲ್ಲಿ ಪೋಲಾಗುತ್ತದೆ ಅಂತ ನೀವು ಬರೆದಿದ್ದನ್ನು ನಾನು ಒಪ್ಪುತ್ತೇನೆ. ಪೋಲಾಗುತ್ತಿತ್ತು. ಆದರೆ ಪೋಲಾದ ದುಡ್ಡೂ ಬಹುಪಾಲು ಅಲ್ಲೇ ಸುತ್ತುತ್ತಿತ್ತು.

2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ನೆರವಿಗೆ ತಡೆ ಹಾಕಿದರು. ಮಾರ್ಚ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ರುಬಿಯೊ, ಈ ನೆರವು ಹಂಚುವ ಸರ್ಕಾರಿ ಸಂಸ್ಥೆಯಾದ ಯುಎಸ್‌ಏಡ್‌ನ ಶೇ 83 ಕಾರ್ಯಕ್ರಮಗಳು ರದ್ದು ಎಂದರು. ಕೆನಡಿ ಕಾಲದ ಆ ಸಂಸ್ಥೆ ಜುಲೈ 1ಕ್ಕೆ ಬಾಗಿಲು ಹಾಕಿತು. ತಡೆ ಬಿದ್ದ ಮೂರೇ ವಾರಕ್ಕೆ ಸಂಸ್ಥೆಯ ಸ್ವಂತ ತಪಾಸಣಾಧಿಕಾರಿಯೇ ವರದಿ ಕೊಟ್ಟರು: 48.9 ಕೋಟಿ ಡಾಲರ್ ಬೆಲೆಯ ಆಹಾರ ಬಂದರು, ಹಡಗು, ಗೋದಾಮುಗಳಲ್ಲಿ ಸಿಕ್ಕಿಬಿದ್ದಿದೆ, ಕೆಟ್ಟುಹೋಗಬಹುದು ಅಂತ. ಮರುದಿನವೇ ಅವರ ಕೆಲಸ ಹೋಯಿತು.

ನಿಮ್ಮ ಯಜಮಾನನ ಹೋಲಿಕೆ ನನಗೆ ಇಲ್ಲೇ ಸರಿಹೋಗುವುದಿಲ್ಲ. ಅವನು ಬೀದಿಯ ಭಿಕ್ಷುಕನಿಗೆ ಕೊಡುವುದನ್ನು ನಿಲ್ಲಿಸಿದೆ ಅಂದುಕೊಂಡ. ನಿಲ್ಲಿಸಿದ್ದು ತಮ್ಮನ ಹೊಲದ ಜೋಳ ಕೊಳ್ಳುವುದನ್ನು. ಇಷ್ಟಕ್ಕೂ ವಿದೇಶಿ ನೆರವು ಅವರ ಕೇಂದ್ರ ಬಜೆಟ್‌ನಲ್ಲಿ ನೂರಕ್ಕೆ ಒಂದರ ಆಸುಪಾಸು ಇತ್ತು. ಇದರಿಂದ ತೀರುವ ಸಾಲವೇ ಅದು? ಅತ್ತ, ಈ ಕಡಿತದಿಂದ 2030ರೊಳಗೆ 1.4 ಕೋಟಿಗೂ ಹೆಚ್ಚು ಜನ ಸಾಯಬಹುದು ಎಂದು ಜುಲೈನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದೆ. ಅದು ಅಂದಾಜು. ನೀವು ಅರ್ಧ ಮಾಡಿಕೊಂಡು ಓದಿದರೂ ನನಗೆ ನಿದ್ದೆ ಬರುವುದಿಲ್ಲ.

'ಯಾರಿಗೂ ಬೇಡದ ಸಂಶೋಧನೆ' ಅಂದಿರಿ. ಹರಿಹರದಿಂದ ಹೆದ್ದಾರಿ ಹಿಡಿದು ಬೆಳಗಾವಿಗೆ ಬನ್ನಿ. ಅಲ್ಲಿಯ ಕೆಎಲ್‌ಇ ಮೆಡಿಕಲ್ ಕಾಲೇಜಿನವರು 2002ರಿಂದ 2005ರವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ದುಡ್ಡು ಬಂದಿದ್ದು ಅಮೆರಿಕದ ಎನ್ಐಎಚ್‌ನಿಂದ, ಅಂದರೆ ಅವರ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ. ಪ್ರಶ್ನೆ ಸರಳವಾಗಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಣಂತಿಯರು ಸಾಯುತ್ತಾರೆ. ಅದನ್ನು ತಡೆಯುವ ಇಂಜೆಕ್ಷನ್ ತಣ್ಣಗಿರಬೇಕು, ಚುಚ್ಚಲು ಬರುವವರು ಬೇಕು. ಹಳ್ಳಿಯಲ್ಲಿ ಎರಡೂ ಕಷ್ಟ. ಬದಲಿಗೆ ನರ್ಸಮ್ಮ ಒಂದು ಅಗ್ಗದ ಮಾತ್ರೆ ಕೊಟ್ಟರೆ ಸಾಕಾಗುತ್ತದಾ? 1,620 ಹೆಂಗಸರು ಇದರಲ್ಲಿ ಇದ್ದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ವಿಪರೀತ ರಕ್ತ ಹೋಯಿತು. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೂ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೇರೆ ಪರೀಕ್ಷೆಗಳೂ ಇದ್ದವು, ಆದರೆ ಬೆಳಗಾವಿಯ ಹಳ್ಳಿ ಹೆಂಗಸರ ಪಾಲು ಅದರಲ್ಲಿ ದೊಡ್ಡದು.

2025ರ ಮೇ 1ರಂದು ಎನ್ಐಎಚ್ ಒಂದು ಸೂಚನೆ ಹೊರಡಿಸಿತು. ಹೊಸ ವ್ಯವಸ್ಥೆ ಬರುವವರೆಗೆ, ಅಮೆರಿಕದ ಸಂಸ್ಥೆಯ ಮೂಲಕ ಹೊರದೇಶದ ಸಂಸ್ಥೆಗೆ ಪಾಲು ಹೋಗುವಂಥ ಅನುದಾನ ಕೊಡುವುದಿಲ್ಲ ಅಂತ. ಬೆಳಗಾವಿಯ ಪರೀಕ್ಷೆ ನಡೆದಿದ್ದು ಅಮೆರಿಕದ ವಿಶ್ವವಿದ್ಯಾಲಯವೊಂದರ ಜೊತೆ ಸೇರಿಯೇ.

ಅಲ್ಲಿಯವರಿಗೇನು ನಷ್ಟ ಅಂತ ಕೇಳುತ್ತೀರಿ. 2025ರ ಫೆಬ್ರವರಿಯಲ್ಲಿ ಎನ್ಐಎಚ್, ಅನುದಾನದ ಮೇಲೆ ಕೊಡುವ ಮೇಲುಖರ್ಚು ಶೇ 15 ದಾಟಬಾರದು ಎಂದಿತು. ಲ್ಯಾಬಿನ ಕರೆಂಟು, ಫ್ರೀಜರು, ಲೆಕ್ಕ ಬರೆಯುವವರ ಸಂಬಳ ಎಲ್ಲ ಅದರಲ್ಲೇ ಬರಬೇಕು. ಟ್ರಂಪ್ ಪಕ್ಷದವರೇ ಆದ ಅಲಬಾಮಾದ ಸೆನೆಟರ್ ಕೇಟಿ ಬ್ರಿಟ್ ಕೂಡ ಆತಂಕ ವ್ಯಕ್ತಪಡಿಸಿದರು. ಯಾಕೆಂದರೆ ಆ ರಾಜ್ಯದಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದು ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯ. ಏಪ್ರಿಲ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಎನ್ಐಎಚ್ ಹಾಕುವ ಪ್ರತಿ ಡಾಲರ್‌ಗೆ 2.56 ಡಾಲರ್‌ನ ವಹಿವಾಟು ಹುಟ್ಟುತ್ತದೆ ಅನ್ನುವ ಲೆಕ್ಕವೂ ಇದೆ. ಅದನ್ನು ಹಾಕಿದವರು ಸಂಶೋಧನೆಯ ಪರವಾಗಿರುವ ಒಕ್ಕೂಟದವರು, ಸ್ವಲ್ಪ ತಗ್ಗಿಸಿಕೊಂಡೇ ಓದಿ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲೆಕ್ಕ ಹಾಗಲ್ಲ. ನೆರವು ನಿಂತು 80 ಕೋಟಿ ಡಾಲರ್ ಹೋಯಿತು, ಮಾರ್ಚ್‌ನಲ್ಲಿ 2,000ಕ್ಕೂ ಹೆಚ್ಚು ಕೆಲಸ ಹೋಯಿತು. ಹೊರದೇಶಗಳಲ್ಲಿ 1,975, ಅಮೆರಿಕದೊಳಗೆ 247.

ತಲೆಬರಹದ ತಿದ್ದುಪಡಿ ಇದೇ ಸಂಚಿಕೆಯ ಮೂರನೇ ಪುಟದಲ್ಲಿದೆ. ಆ ಎಣ್ಣೆ ಡಬ್ಬದ ಫೋಟೊ ಒಂದು ಕಳಿಸಿಕೊಡಿ ಮೇಷ್ಟ್ರೇ. ಕೈಕುಲುಕುವ ಚಿತ್ರ ಅಳಿಸಿಹೋಗಿರದಿದ್ದರೆ ಆ ಕಡೆಯಿಂದಲೇ ತೆಗೆಸಿ.

— ಸಂಪಾದಕ